ಎಡಸುತ್ತಿನ ತಂತಿ

ಮಾಳಮಡ್ಡಿ, ಧಾರವಾಡ
೧೪ ಜುಲೈ ೧೯೩೮

ನನ್ನ ತ್ರ್ಯಂಬಕಾ, ನೂರು ವರ್ಷ ಬಾಳಪ್ಪಾ,

ಪುಣೇದಾಗ ಆರಾಮ ಇದ್ದೀಯಲ್ಲ? ಕೆಮ್ಮು ಹೋತೇನು? ಮೆಸ್ಸಿನ ಎಣ್ಣಿ ಪದಾರ್ಥ ಕಡಿಮಿ ಮಾಡು. ಇನ್ನ ಕೇಳು, ನಿನ್ನ ಪೆಟ್ಟಿಗಿ ಹಾಡ್ತೋ! ಖರೇನ ಹಾಡ್ತು! ಅವಸರದಾಗ ಬರೀಲಿಕ್ಕತ್ತೇನಿ, ಅಕ್ಷರ ಸೊಟ್ಟ ಆದ್ರ ನಗಬ್ಯಾಡ.

ಲಕ್ವಾ ಹೊಡೆದು ಬಲಗೈ ಬಿದ್ದಾಗಿಂದ ನಿಮ್ಮಪ್ಪ ತಂಬೂರಿ ಮುಟ್ಟಿಲ್ಲ, ಹಾಡಿಲ್ಲ. ಬ್ಯಾರೆಯವರು ಮೀಟತೇವಿ ಅಂದ್ರ ಒಲ್ಲೆ ಅಂತಾರ. ಗಾಯನ ಬಿಟ್ಟು ಇಲೆಕ್ಟ್ರಿಕ್ ಕಲೀಲಿಕ್ಕೆ ಹೋದಿ ಅಂತ ಎರಡು ವರ್ಷದಿಂದ ನಿನ್ನ ಹೆಸರೂ ಎತ್ತಿಲ್ಲ. ಅದಕ್ಕ ತಂಬೂರಿ ಹಾಂಗ ತಾನೇ ಷಡ್ಜ ಹಿಡಿಯೋ ಈ ಪೆಟ್ಟಿಗಿ ಕಳಿಸಿದಾವ ನೀ ಅಂತ ನಾ ಬಾಯಿ ಬಿಟ್ಟಿರಲಿಲ್ಲ.

ಪಾರ್ಸಲಿನ್ಯಾಗ ತಂತಿಯ ಸುರುಳಿ ಎರಡೂ ಹರಕೊಂಡು ಬಂದಿದ್ವು. ನಾನೇ ಹೊಸಾವು ಸುತ್ತಿದೆ. ನೀ ಬರ್ದದ್ದು ಬಾಯಿಪಾಠ ಆಗ್ಯದ: ವಾಲ್ವ್ ಅನ್ನೋ ಗಾಜಿನ ಬುಡ್ಡಿಯಿಂದ ಹೊರಗ ಬಂದ ಕರೆಂಟಿನ್ಯಾಗ ಚೂರು ತಿರುಗಿ ವಾಲ್ವಿಗೇ ಹೋಗಬೇಕು, ದಾರ್ಯಾಗ ಸೋರಿದಷ್ಟನ್ನ ತುಂಬಬೇಕು, ಮತ್ತ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ತೊಟ್ಟಿಲ ಹೋಗೂವಾಗ ದೂಡಿದ್ರ ತೂಗ್ತದ, ಬರೂವಾಗ ದೂಡಿದ್ರ ನಿಲ್ತದ. ನಿನ್ನ ತೂಗಿದಾಕಿಗೆ ಇದೇನು ದೊಡ್ಡ ವಿದ್ಯಾ?

ಆದ್ರ ಪೆಟ್ಟಿಗಿ ಮೂಕ! ವಾಲ್ವ್ ಕೆಂಪಗ ಉರೀತದ, ದನಿ ಬರೂ ಭೋಂಗಾ ಗಪ್‌ಚುಪ್. ಬಲ ಸಾಲದೇನೋ ಅಂತ ಹೊಸಾ ಬ್ಯಾಟರಿ ಹಚ್ಚಿದೆ. ಊಹೂಂ. ಮೂರು ದಿನ! ಇವತ್ತ ಮುಂಜಾನೆ ದೇವರ ಮುಂದ ಬತ್ತಿ ಹೊಸೀಲಿಕ್ಕೆ ಕೂತಾಗ ತಲ್ಯಾಗ ಹೊಳೀತು. ಎರಡನೇ ಸುರುಳಿ ಎಡಕ್ಕ ಸುತ್ತು ಅಂತ ನೀ ಬರ್ದಿದ್ದಿ ಅಲ್ಲೋ? ನಾ ಸುತ್ತಿರಲಿಲ್ಲ! ಎಡಕ್ಕ ತಿರುಗೋದು ಸತ್ತವರ ಕರ್ಮಕ್ಕ. ಹಾಸಿಗಿ ಹಿಡಿದವರನ್ನ ಮನ್ಯಾಗ ಇಟಗೊಂಡು ಅದನ್ನ ಹ್ಯಾಂಗ ಮಾಡ್ಲಿ? ಎರಡನ್ನೂ ಪ್ರದಕ್ಷಿಣಿ ಹಾಂಗ ಬಲಕ್ಕೇ ಸುತ್ತಿಬಿಟ್ಟಿದ್ದೆ. ಬರೂ ತೊಟ್ಟಿಲಿಗೆ ಎದುರಾ ದೂಡಿದಂಗ ಆಗಿತ್ತು.

ಈಗೂ ಎಡಕ್ಕ ಸುತ್ತಲಿಲ್ಲ, ಬಿಡು. ಎರಡನೇ ಸುರುಳಿಯ ಎರಡು ತುದಿ ಬಿಚ್ಚಿ ಅದಲಬದಲ ಮಾಡಿ ಕಟ್ಟಿದೆ, ಅಷ್ಟ. ಅಯ್ಯ ನನ್ನಪ್ಪಾ! ಭೋಂ ಅಂತ ಎದ್ದ ದನಿ ಆರಲೇ ಇಲ್ಲ. ಒಳಗಿಂದ ಅವರು ಮೊದಲ ಕೆಮ್ಮಿದ್ರು. ಆಮ್ಯಾಲೆ ಸಾ ಅಂದ್ರು. ದನಿ ಒಡದಿತ್ತು, ಆದ್ರ ಹಾಡಿದ್ರೋ, ತ್ರ್ಯಂಬಕಾ! ನಾ ಅಡಗಿಮನಿ ಬಾಗಲಾ ಹಿಡಕೊಂಡು ಅತ್ತುಬಿಟ್ಟೆ.

ತಲಿಗೆ ಎಣ್ಣಿ ಹಚ್ಚಿಕೊ, ವ್ಯಾಳ್ಯಾಕ್ಕ ಉಣ್ಣು. ಮನಿದೇವರು ನಿನ್ನ ಕಾಯಲಿ.

ನಿನ್ನ ಅವ್ವ,
ಕಾಶೀಬಾಯಿ

ತಾ.ಕ.: ಟಪಾಲಿಗೆ ಹಾಕಲಿಕ್ಕೆ ಎದ್ದಿದ್ದೆ, ಅವರು ಕರದ್ರು. ‘ತ್ರ್ಯಂಬಕಗ ಬರಿ, ಷಡ್ಜ ಎಳಿಯಷ್ಟು ಇಳದದ. ತಾನೇ ಬಂದು ಏರಸಲಿ’ ಅಂದ್ರು. ನಾ ಹೇಳದನ ನಿನ್ನ ಹೆಸರು ಹಿಡದು ಅಂದ್ರೋ! ಸಿಕ್ಕ ಗಾಡಿ ಹತ್ತು.