ಸುಣ್ಣ ಬಳಿದ ಮುಖ

ಮಗಳೇ,

ಜೈಲಿನಲ್ಲಿ ಹಟ ಮಾಡಿ ಊಟ ಬಿಡಬೇಡ. ಕಾರ್ಖಾನೆಯವರು ಅಪ್ಪನಿಗೆ ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಅದನ್ನು ತಲೆಗೆ ಹಚ್ಚಿಕೊಳ್ಳಬೇಡ.

ಆ ಕಾರ್ಖಾನೆಯ ಬೆಂಕಿಯಲ್ಲಿ ಸತ್ತ ನಿನ್ನ ಗೆಳತಿಯ ಮುಖವನ್ನು ಅವರದೇ ಗೋಡೆಯ ಮೇಲೆ ಬರೆದೆಯಲ್ಲ, ನಿನ್ನೆ ಪೊಲೀಸರು ನಿಂತು ಅದಕ್ಕೆ ಸುಣ್ಣ ಹೊಡೆಸಿದರು. ಅವಳ ತಾಯಿ, "ಸ್ವಲ್ಪ ತಡೀರಿ, ಇನ್ನೊಂದ್ಸಲ ನೋಡ್ಕೊಳ್ತೀನಿ" ಎಂದಳು. ಸುಣ್ಣ ಹೊಡೆಯುವವನು ಕೈ ಇಳಿಸಿದ. ಇನ್ಸ್‌ಪೆಕ್ಟರ್ ಗದರಿದ ಮೇಲೆ ಮತ್ತೆ ಎತ್ತಿದ.

ಆಮೇಲೆ ಆಕೆ ನಮ್ಮ ಮನೆಗೆ ಬಂದಳು. "ಅಕ್ಕಾ, ಇದ್ದ ಒಂದು ಫೋಟೋನೂ ಅವಳ ಬ್ಯಾಗ್‌ನಲ್ಲೇ ಸುಟ್ಟುಹೋಯ್ತು" ಎಂದಳು.

ತಪ್ಪಾಯಿತೆಂದು ಬರೆದುಕೊಟ್ಟರೆ ನಿನ್ನನ್ನು ಬಿಡುತ್ತಾರಂತೆ. ನೀನು ಒಪ್ಪುತ್ತಿಲ್ಲವೆಂದು ವಕೀಲರು ಹೇಳಿದರು. ಬರೆದುಕೊಡು, ಮಗಳೇ. ಹೊರಗೆ ಬಾ. ಆ ಮುಖವನ್ನು ಮತ್ತೆ ಬರೆಯಬಲ್ಲ ಕೈ ನಿನ್ನದೊಂದೇ.

ನಿನ್ನ ಅಮ್ಮ