ಮೇಲಿನ ಡಬ್ಬಿ

೧೪ ಜೂನ್ ೧೯೭೯, ಗುರುವಾರ

ಇವತ್ತೂ ಕೇಳಲಾಗಲಿಲ್ಲ. ಆರು ವರ್ಷದಿಂದ ಅದೇ ಸಂಬಳ. ಹತ್ತಿ ಮಿಲ್ಲಿನ ಸಾಹುಕಾರರ ಮುಂದೆ ನಿಂತು ಇನ್ನೇನು ಬಾಯಿ ತೆರೆಯಬೇಕು, ಅವರೇ ಕೇಳಿದರು: “ಆಚಾರ್ರೇ, ಮಗಳು ಹ್ಯಾಂಗದಾಳ್ರಿ? ಸಾಲಿಗಿ ಹೊಂಟಾಳೇನು?” ಕೆಲಸವಿಲ್ಲದೆ ಅಲೆಯುತ್ತಿದ್ದ ನನ್ನನ್ನು ಕರೆದು ಗುಮಾಸ್ತನ ಕುರ್ಚಿ ಕೊಟ್ಟವರು. “ಎಲ್ಲಾ ನಿಮ್ಮ ದಯಾ ರೀ” ಎಂದು ಹೊರಬಂದೆ. ಆಮೇಲೆ ನನ್ನ ನಾಲಿಗೆಯ ಮೇಲೆಯೇ ಸಿಟ್ಟು ಬಂತು.

ಅಹಲ್ಯಾ ಮಗಳ ಜೊತೆ ಮಾನ್ವಿಯ ತವರಿನಲ್ಲಿದ್ದಾಳೆ. ನಾನು ರಾಯಚೂರಿನ ಈ ಒಂಟಿ ಖೋಲಿಯಲ್ಲಿ. ಪಗಾರ ಹೆಚ್ಚಾದ ಕೂಡಲೇ ಅಂಗಳವಿರುವ ಮನೆ ಹಿಡಿಯುತ್ತೇನೆ ಎಂದು ಯುಗಾದಿಗೆ ಹೇಳಿ ಬಂದಿದ್ದೆ.

ಸಂಜೆ ಮಾನ್ವಿ ಬಸ್ಸಿನ ಕಂಡಕ್ಟರ್ ಅಂಬಣ್ಣ ಎಂದಿನಂತೆ ಅವಳು ಕಳಿಸಿದ ಊಟದ ಕ್ಯಾರಿಯರ್ ಕೊಟ್ಟ. “ಮ್ಯಾಲಿನ ಡಬ್ಬಿ ಅಲುಗಾಡಿಸಬ್ಯಾಡ್ರಿ ಅಂತ ಅಕ್ಕಾರು ಹೇಳ್ಯಾರ್ರಿ” ಎಂದ. ಕೆಳಗೆ ರೊಟ್ಟಿ, ಪುಂಡಿಪಲ್ಯ. ಮೇಲೆ ಒದ್ದೆ ಬಟ್ಟೆ ಸುತ್ತಿದ ತುಳಸಿ ಸಸಿ, ಒಂದು ಚೀಟಿ: “ಹೊಸಾ ಮನಿ ಅಂಗಳದಾಗ ಹಚ್ರಿ. ನಾವು ಬರೋದ್ರಾಗ ಚಿಗತಿರ್ತದ.”

ಅದೇ ಡಬ್ಬಿಗೆ ಮಣ್ಣು ತುಂಬಿ, ಸಸಿ ನೆಟ್ಟು ಕಿಟಕಿಯಲ್ಲಿಟ್ಟಿದ್ದೇನೆ. ನಾಳೆ ಕ್ಯಾರಿಯರ್ ಒಂದು ಡಬ್ಬಿ ಕಡಿಮೆಯಾಗಿ ಮಾನ್ವಿಗೆ ಹೋಗುತ್ತದೆ. ನಾನೇನೂ ಬರೆಯದಿದ್ದರೂ ಅವಳಿಗೆ ತಿಳಿಯುತ್ತದೆ, ಅಂಗಳ ಇನ್ನೂ ಸಿಕ್ಕಿಲ್ಲವೆಂದು.