ಮೇಜಿನ ಆ ತುದಿ

ಅಕ್ಕಾ,

‘ಮಾನ್ಯ ಮುಖ್ಯ ವಾರ್ಡನ್ ಅವರಿಗೆ’ ಎಂದು ಶುರು ಮಾಡಬೇಕಿತ್ತು. ಮಾಡುವುದಿಲ್ಲ. ಕಳೆದ ಸಭೆಯಲ್ಲಿ ನಾನು ಅಭ್ಯಾಸಬಲದಿಂದ ಅಕ್ಕ ಎಂದಾಗ ನೀವು ಕನ್ನಡಕದ ಮೇಲಿಂದ ನೋಡಿ, "ಇಲ್ಲಿ ಮೇಡಂ ಅಂತ ಕರೀರಿ" ಎಂದಿರಿ. ನನ್ನನ್ನು ‘ಏ ಕತ್ತೆ’ ಎಂದು ಕರೆಯುತ್ತಿದ್ದವರು! ಅವತ್ತಿನ ಸಿಟ್ಟನ್ನು ಹೇಗೋ ನುಂಗಿಕೊಂಡೆ. ಇವತ್ತಿನದು ಗಂಟಲಲ್ಲಿ ಇಳಿಯುತ್ತಿಲ್ಲ.

ನನ್ನ ಮಹಡಿಯ ಹುಡುಗಿ ರೇಡಿಯೋಳನ್ನು ಕರೆದುಕೊಂಡು ಹೋಗಲು ಅವಳ ಅಪ್ಪ ಶನಿವಾರ ಬರುತ್ತಿದ್ದಾರೆ. ಫೋನ್ ಮಾಡಿ ಕರೆಸಿದವರು ನೀವು. ಒಂದು ವರ್ಷ ಮನೆಯಲ್ಲಿದ್ದು ಸುಧಾರಿಸಿಕೊಳ್ಳಲಿ ಎಂದಿರಂತೆ. ಆ ಹುಡುಗಿಯನ್ನು ನೀವು ನೋಡಿದ್ದು ಒಂದೇ ಸಲ, ಅದೂ ಆಫೀಸಿನಲ್ಲಿ, ಅವಳನ್ನು ನಿಲ್ಲಿಸಿಕೊಂಡು. ನಾನು ಅವಳ ಪಕ್ಕದ ಕೋಣೆಯಲ್ಲೇ ಇದ್ದೇನೆ. ಹಲ್ಲುಜ್ಜುವಾಗಲೂ ಮಾತಾಡುತ್ತಾಳೆ ಎಂದು ಮಹಡಿಯವರೆಲ್ಲ ಸೇರಿ ಅವಳಿಗೆ ಆ ಹೆಸರಿಟ್ಟಿದ್ದಾರೆ. ಒಂದು ವರ್ಷ ಮನೆಯಲ್ಲಿ ಕೂತರೆ ಅವಳು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಹಾಗೆ ಹೋದವರಲ್ಲಿ ಎಷ್ಟು ಮಂದಿ ವಾಪಸ್ ಬಂದರು ಎನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ನಾನೂ ಹಾಗೆ ಹೊರಟವಳೇ ತಾನೇ? ಮೊದಲ ವರ್ಷ, ಒಂದು ರಜೆಯ ಮಧ್ಯಾಹ್ನ, ಸೂಟ್‌ಕೇಸ್ ಎಳೆದುಕೊಂಡು ನಿಮ್ಮ ಬಾಗಿಲಿಗೆ ಬಂದೆ. ಆಗ ನೀವು ನಮ್ಮ ಮಹಡಿಯ ಅಕ್ಕ. ಗೆದ್ದಲಿನ ಮೇಲೆ ಸಂಶೋಧನೆ ಮಾಡುತ್ತ, ಪದವಿ ಓದುವ ನಮ್ಮಂಥವರ ಅಳು, ಜ್ವರ, ಜಗಳಗಳ ನಡುವೆ ಒಂದು ಕೋಣೆಯಲ್ಲಿ ಬದುಕುತ್ತಿದ್ದಿರಿ. ಆಫೀಸಿನ ಭಾಷೆಯಲ್ಲಿ ನಿವಾಸಿ ಸಲಹೆಗಾರ್ತಿ. ನಾನು ಮನೆಗೆ ಹೋಗುತ್ತೇನೆ ಎಂದೆ. ನೀವು ಯಾಕೆ ಎಂದು ಕೇಳಲಿಲ್ಲ. "ಹೋಗುವೆಯಂತೆ. ಮೊದಲು ಈ ಮೇಜಿನ ಆ ತುದಿ ಹಿಡ್ಕೋ" ಎಂದಿರಿ.

ಮೇಜು ಗೋಡೆಯಿಂದ ಕಿಟಕಿಗೆ ಬಂತು. ಮೇಜು ಬಂದಮೇಲೆ ಮಂಚ ಅಡ್ಡವಾಯಿತು, ಮಂಚ ಸರಿಸಿದರೆ ಕಪಾಟಿನ ಬಾಗಿಲು ತೆರೆಯಲಿಲ್ಲ. ಕಪಾಟಿನ ಹಿಂದೆ ನಿಮ್ಮ ಕಳೆದುಹೋದ ಬಾಚಣಿಗೆ ಸಿಕ್ಕಿತು, ಸತ್ತ ಜಿರಳೆಯೂ ಸಿಕ್ಕಿತು. ಇಬ್ಬರೂ ಕಿರುಚಿದೆವು. ಭಾರ ಹೊತ್ತವಳ ಬಾಯಿ ತನ್ನಷ್ಟಕ್ಕೆ ಸಡಿಲವಾಗುತ್ತದೆ. ತರಗತಿಯಲ್ಲಿ ನನ್ನೊಬ್ಬಳಿಗೇ ಏನೂ ಅರ್ಥವಾಗುವುದಿಲ್ಲ, ನಾನು ಬಾಯಿ ಬಿಟ್ಟರೆ ಹಿಂದಿನ ಬೆಂಚು ನಗುತ್ತದೆ ಎಂದೆಲ್ಲ ಏದುಸಿರು ಬಿಡುತ್ತಲೇ ಹೇಳಿಬಿಟ್ಟೆ. ಕೊನೆಗೆ ನೀವು ಸೊಂಟಕ್ಕೆ ಕೈಯಿಟ್ಟು ನೋಡಿ, "ಛೆ, ಇಲ್ಲಿ ಚೆನ್ನಾಗಿ ಕಾಣ್ತಿಲ್ಲ. ನಾಳೆ ಬಾ, ವಾಪಸ್ ಇಡೋಣ" ಎಂದಿರಿ. ನಾನು ಮರುದಿನ ಬಂದೆ. ಇವತ್ತಿಗೂ ಇಲ್ಲೇ ಇದ್ದೇನೆ.

ಆ ಮೇಜು ನನಗೊಬ್ಬಳಿಗಾಗಿ ಸರಿದದ್ದಲ್ಲ ಎಂದು ಆಮೇಲೆ ತಿಳಿಯಿತು. ಹೊರಟು ನಿಂತ ಪ್ರತಿ ಹುಡುಗಿಯ ಕೈಯಲ್ಲೂ ನೀವು ಅದನ್ನು ಎತ್ತಿಸಿದ್ದಿರಿ. ನಾನೇ ಮಹಡಿಯ ಅಕ್ಕನಾಗಿ ಬಂದಾಗ ಆ ವಿದ್ಯೆಯನ್ನು ನನ್ನ ಕೈಗೆ ಕೊಟ್ಟವರೂ ನೀವೇ. "ಮನೆಗೆ ಹೋಗ್ತೀನಿ ಅಂತ ಹೇಳೋಕೆ ಬರೋವಳು ಹೋಗೋವಳಲ್ಲ ಕಣೆ. ಬೇಡ ಅನ್ನಿಸ್ಕೊಳ್ಳೋಕೆ ಬಂದಿರ್ತಾಳೆ" ಎಂದಿರಿ. ಅದನ್ನು ಹೇಳಿದ ಬಾಯಿಂದಲೇ ಮೇಜುಗಳನ್ನು ನೆಲಕ್ಕೆ ಬಿಗಿಯುವ ಆಜ್ಞೆ ಹೊರಟಿತಲ್ಲ, ಅದಕ್ಕೇ ನನ್ನ ಮೈ ಉರಿಯುತ್ತಿದೆ. ನೆಲದ ಹಾಸು ಗೀಚಿಹೋಗುತ್ತದಂತೆ! ಕೆಳಗಿನ ಮಹಡಿಯವರಿಗೆ ಸದ್ದಂತೆ! ಹಾಸಿಗಾಗಿ ಹುಡುಗಿಯರಿದ್ದಾರೋ, ಹುಡುಗಿಯರಿಗಾಗಿ ಹಾಸೋ?

ರೇಡಿಯೋ ನನ್ನ ಕೋಣೆಗೆ ಬಂದಾಗ ನಾನು ಊರಿಂದ ಆಗಷ್ಟೇ ಮರಳಿದ್ದೆ. ರಜೆಯಲ್ಲಿ ಬಡಗಿ ಬಂದುಹೋದದ್ದು ಗೊತ್ತಿರಲಿಲ್ಲ. ಅವಳು ಕೈಚೀಲ ಹಿಡಿದು ಬಾಗಿಲಲ್ಲಿ ನಿಂತು, "ಅಕ್ಕಾ, ನಂಗೆ ಇದೆಲ್ಲ ಆಗಲ್ಲ, ಮನೆಗೆ ಹೋಗ್ತೀನಿ" ಎಂದಳು. ನಾನು ನಿಮ್ಮದೇ ಧಾಟಿಯಲ್ಲಿ, ಆ ತುದಿ ಹಿಡ್ಕೋ ಎಂದೆ. ಇಬ್ಬರೂ ಬಗ್ಗಿ ಎತ್ತಿದೆವು. ಮೇಜು ಅಲುಗಲಿಲ್ಲ. ಮತ್ತೆ ಎತ್ತಿದೆವು. ಅವಳು ಕೆಳಗೆ ಇಣುಕಿ, "ಅಕ್ಕಾ, ಇದಕ್ಕೆ ಬೋಲ್ಟ್ ಹಾಕಿದ್ದಾರೆ" ಎಂದು ನಕ್ಕಳು. ಆಮೇಲೆ ನಗು ನಿಂತಿತು, ಮಾತೂ ನಿಂತಿತು. ಮುಂದೇನು ಮಾಡಬೇಕೆಂದು ನೀವು ನನಗೆ ಕಲಿಸಿರಲಿಲ್ಲ. ಕಾರಿಡಾರಿನಲ್ಲಿ ಅವಳ ಮಾತು ಕೇಳಿಸಿಕೊಂಡ ಮೇಲ್ವಿಚಾರಕಿ, ಮನೆಗೆ ಹೋಗುವ ಮಾತೆತ್ತಿದವರ ಸುದ್ದಿ ಕೂಡಲೇ ಮುಟ್ಟಿಸಬೇಕೆಂಬ ಹೊಸ ನಿಯಮದಂತೆ, ನೇರವಾಗಿ ನಿಮ್ಮ ಆಫೀಸಿಗೆ ಹೋದರು.

ನಿಮ್ಮ ಭಯ ನನಗೆ ಗೊತ್ತಿಲ್ಲವೆಂದಲ್ಲ. ಹೋದ ವರ್ಷ ಪಕ್ಕದ ಕಟ್ಟಡದ ಹುಡುಗಿಯೊಬ್ಬಳು ಊಟ ಬಿಟ್ಟು ಬಿಟ್ಟು ಆಸ್ಪತ್ರೆ ಸೇರಿದಳು. ಅವಳ ಮಹಡಿಯ ಅಕ್ಕ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಳು. ಹುಡುಗಿ ಬದುಕಿದಳು, ಬೈಗುಳವೆಲ್ಲ ನಿಮ್ಮ ಪಾಲಿಗೆ ಬಂತು. ಅಂಥದ್ದೇನಾದರೂ ನನ್ನ ಮಹಡಿಯಲ್ಲಿ ಕಂಡರೆ ನಾನೇ ಅವಳನ್ನು ಹೊತ್ತುಕೊಂಡು ಓಡುತ್ತೇನೆ. ಆದರೆ ಜ್ವರ ಯಾವುದು, ಅಮ್ಮನ ನೆನಪು ಯಾವುದು ಎಂದು ಪಕ್ಕದಲ್ಲಿ ಕೂತು ಗುರುತಿಸುತ್ತಿದ್ದವರು ನೀವು. ಈಗ ಎರಡಕ್ಕೂ ಒಂದೇ ಔಷಧ: ಅಪ್ಪನಿಗೆ ಫೋನು. ಇದನ್ನು ಕಾಳಜಿ ಎನ್ನಬೇಡಿ. ನೀವು ಕೈ ತೊಳೆದುಕೊಳ್ಳುತ್ತಿದ್ದೀರಿ.

ನಿನ್ನೆ ಅವಳು ಬಟ್ಟೆ ಮಡಚುತ್ತಿದ್ದಾಗ ಕೇಳಿದೆ, ನಿಜವಾಗಲೂ ಹೋಗಬೇಕಾ ಎಂದು. ತಲೆ ಎತ್ತದೆ, "ನಾನು ಹೋಗ್ತೀನಿ ಅಂದೆ. ಅವರು ಸರಿ ಅಂದ್ಬಿಟ್ರು" ಎಂದಳು. ಅಕ್ಕಾ, ನಿಮ್ಮ ಮೇಲೆ ಇಷ್ಟು ಕೋಪ ನನಗೆ ಹಿಂದೆಂದೂ ಬಂದಿರಲಿಲ್ಲ. ಅಷ್ಟೊಂದು ಇಷ್ಟಪಟ್ಟವರ ಮೇಲೆ ಕೋಪ ಬಂದರೆ ಎಲ್ಲಿಡುವುದು ಎಂದೂ ಗೊತ್ತಾಗುತ್ತಿಲ್ಲ.

ಅದಕ್ಕೇ ಇವತ್ತು ಬೆಳಿಗ್ಗೆ ಬಡಗಿಯನ್ನು ಕಾಡಿ ಬೇಡಿ ಸ್ಪ್ಯಾನರ್ ತಂದೆ. "ನಾನೇ ಹಾಕಿದ್ದು, ನನ್ನ ಕೈಲೇ ಬಿಚ್ಚಿಸಬೇಡಿ ತಾಯಿ" ಎಂದು ಅವನು ತಲೆ ತಪ್ಪಿಸಿಕೊಂಡ. ನಾನೇ ನೆಲದಲ್ಲಿ ಮಲಗಿ ರೇಡಿಯೋಳ ಮೇಜಿನ ಬೋಲ್ಟುಗಳನ್ನು ಬಿಚ್ಚಿದೆ. ಬೆರಳು ಸುಲಿದಿದೆ. ಶಿಸ್ತುಕ್ರಮ ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ, ಕೋಣೆ ಖಾಲಿ ಮಾಡು ಎಂದರೆ ಮಾಡುತ್ತೇನೆ. ಆದರೆ ಅದಕ್ಕೆ ಮೊದಲು, ಶನಿವಾರಕ್ಕೆ ಮೊದಲು, ಒಮ್ಮೆ ಮೂರನೇ ಮಹಡಿಗೆ ಬನ್ನಿ.

ಮೇಜು ಈಗ ಅವಳ ಕೋಣೆಯ ನಟ್ಟನಡುವೆ ನಿಂತಿದೆ. ಕಿಟಕಿಯ ಹತ್ತಿರ ಇಟ್ಟರೆ ಚೆನ್ನ ಎಂದು ರೇಡಿಯೋ ಹೇಳುತ್ತಾಳೆ. ನೋಡಿ, ಹೊರಟವಳಿಗೆ ಮೇಜು ಎಲ್ಲಿದ್ದರೇನು? ಆದರೂ ಹೇಳುತ್ತಾಳೆ. ನಡುವಿನವರೆಗೆ ಎಳೆದದ್ದಷ್ಟೇ, ಆಮೇಲೆ ನಾನು ಕೈ ಹಾಕಿಲ್ಲ. ಒಂದು ತುದಿಗೆ ನೀನಿದ್ದೀಯ, ಇನ್ನೊಂದು ತುದಿ ಹಿಡಿಯಲು ಒಬ್ಬರು ಬರುತ್ತಾರೆ ಎಂದು ಹೇಳಿ ಬಂದಿದ್ದೇನೆ. ಯಾರು ಎಂದು ಕೇಳಿದಳು. ನನ್ನ ಅಕ್ಕ ಎಂದೆ.

ನಿಮ್ಮ ತೋಳಿಗೆ ಹಳೆಯ ಬಲ ಬರಲಿ.

ಇನ್ನೂ ಇಲ್ಲೇ ಇರುವ,
ನಿಮ್ಮ ಕತ್ತೆ